ಮಂಡಕ್ಕಿ ಇಲ್ಲದ ಚಹಾದಂಗಡಿ

ದಾವಣಗೆರೆಯಲ್ಲಿ ಮೆಣಸಿನಕಾಯಿ ಬಜ್ಜಿ ಕರಿದು, ಜೊತೆಗೆ ಮಂಡಕ್ಕಿ ಕೊಡದವರನ್ನು ಜನ ಅನುಮಾನದಿಂದ ನೋಡುತ್ತಾರೆ. ಓಬಕ್ಕನನ್ನು ಹತ್ತೊಂಬತ್ತು ವರ್ಷ ಹಾಗೆಯೇ ನೋಡಿದರು. ಅವಳ ಚಹಾದಂಗಡಿ ಇದ್ದದ್ದೂ ಮಂಡಕ್ಕಿ ಭಟ್ಟಿಗಳ ಓಣಿಯಲ್ಲೇ, ಭಟ್ಟಿಯವರ ಸಂಘದ ಕೋಣೆಯ ಎದುರಿಗೇ. ಸುತ್ತಲೂ ಕಾದ ಮರಳಿನಲ್ಲಿ ಅಕ್ಕಿ ಅರಳುವ ಸದ್ದು, ಅದರ ಘಮ. ಇವಳು ಮಾತ್ರ ಕೇಳಿದವರಿಗೆಲ್ಲ ಮಂಡಕ್ಕಿ ಇಲ್ಲ ಎಂದು ಹೇಳಿ ಚಹಾ ಸೋಸುತ್ತಿದ್ದಳು.

ಕಾರಣ, ಸಂಘದ ತಾಯಿ ಸೇರು ಅವಳ ವಶದಲ್ಲಿತ್ತು. ಅದೊಂದು ಹಳೆಯ ಹಿತ್ತಾಳೆಯ ಅಳತೆ. ಪ್ರತಿ ಭಟ್ಟಿಯ ಸೇರೂ ಅದಕ್ಕೆ ಸರಿಹೊಂದಬೇಕು. ಅದನ್ನು ಇಟ್ಟುಕೊಂಡವರು ಮಂಡಕ್ಕಿ ಮಾರಬಾರದು, ಕೊಳ್ಳಬಾರದು ಎಂಬುದು ಸಂಘದ ಕಟ್ಟಳೆ. ತಿನ್ನಬಾರದು ಎಂಬುದನ್ನು ಓಬಕ್ಕ ತಾನೇ ಸೇರಿಸಿಕೊಂಡಳು.

ನಾನು ಹರಿಹರದ ಶಾಲೆಯಲ್ಲಿ ಸಮಾಜ ಪಾಠ ಹೇಳಿ ನಿವೃತ್ತನಾದವನು. ಅಕ್ಷರ ದುಂಡಗಿದೆ ಎಂದು ಸಂಘದವರು ನನ್ನನ್ನು ಬರವಣಿಗೆಗೆ ಹಿಡಿದರು. ಬಾಯಿ ಸುಮ್ಮನಿರದೆ ನಾನು ಅವರಿಗೆ ಹಳೆಯ ಶ್ರೇಣಿಗಳ ಕಥೆ ಹೇಳುತ್ತಿದ್ದೆ. ಈ ನಾಡಿನಲ್ಲಿ ವರ್ತಕರಿಗೂ ಕುಶಲಕರ್ಮಿಗಳಿಗೂ ತಮ್ಮದೇ ಕೂಟಗಳಿದ್ದವು. ಐನೂರ್ವರೆಂಬ ವರ್ತಕರು ದೇಶದೇಶ ಸುತ್ತಿದರು. ಗಾಣದವರು ಒಟ್ಟಾಗಿ ಗುಡಿಯ ದೀಪಕ್ಕೆ ಎಣ್ಣೆ ಬಿಟ್ಟರು. ತಮ್ಮವರ ತಪ್ಪಿಗೆ ತಾವೇ ನ್ಯಾಯ ಹೇಳಿಕೊಂಡರು. ಅಧ್ಯಕ್ಷ ಅಲ್ಲಾಬಕ್ಷ್ ಎಲ್ಲ ಕೇಳಿಸಿಕೊಂಡು, ಈಗ ನಮ್ಮ ಹತ್ತಿರ ಏನುಳಿದಿದೆ ಎಂದು ವಿಚಾರಿಸಿದರು. ಒಂದು ಬಾಡಿಗೆ ಕೋಣೆ, ಒಂದು ರಬ್ಬರ್ ಸ್ಟಾಂಪು, ಆಮೇಲೆ ಓಬಕ್ಕ ಎಂದೆ. ತಮಾಷೆಗೆ ಹೇಳಿದರೂ ಮಾತು ನಿಜವಾಗಿತ್ತು.

ಓಬಕ್ಕ ಕಡರನಾಯಕನಹಳ್ಳಿಯವಳು. ಗಂಡನ ಜೊತೆ ಬಂದು ಭಟ್ಟಿಯಲ್ಲಿ ಮರಳು ಜರಡಿ ಹಿಡಿದಳು. ಗಂಡ ತೀರಿಕೊಂಡ ಮೇಲೆ ಹೊಗೆ ತಡೆಯಲಾರದೆ ಚಹಾದಂಗಡಿ ಇಟ್ಟಳು. ಸೇರು ಕಾಯುತ್ತಿದ್ದ ಮುದುಕ ಸತ್ತಾಗ, ಮುಂದೆ ಯಾರಿಗೆ ಕೊಡುವುದೆಂದು ಭಟ್ಟಿಯವರು ಮೂರು ದಿನ ಕಿತ್ತಾಡಿದರು. ಕೊನೆಗೆ ಎಲ್ಲರಿಗೂ ಸಮನಾಗಿ ಬೈಯುವವಳು ಇವಳೊಬ್ಬಳೇ ಎಂದು ಇವಳಿಗೆ ಕೊಟ್ಟರು. ಸಂಬಳವಿಲ್ಲ. ಆದರೆ ಅಂದಿನಿಂದ ಅವಳು ಬಂದರೆ ಓಣಿಯ ಗಂಡಸರು ಎದ್ದು ನಿಲ್ಲುತ್ತಿದ್ದರು. ಜರಡಿಯವಳು ಎಂದೇ ಕರೆಸಿಕೊಂಡಿದ್ದ ಹೆಂಗಸಿಗೆ ಅದೆಷ್ಟು ದೊಡ್ಡದೆಂದು ನಾನು ಕಣ್ಣಾರೆ ಕಂಡಿದ್ದೇನೆ.

ಆಯುಧಪೂಜೆಯ ಮುನ್ನಾದಿನ ಸೇರುಗಳ ಪರೀಕ್ಷೆ. ತಾಯಿ ಸೇರಿಗೆ ನವಣೆ ತುಂಬಿ, ಕೋಲಿನಿಂದ ಬಾಯಿ ಸಮ ಮಾಡಿ, ಒಬ್ಬೊಬ್ಬರ ಸೇರಿಗೂ ಸುರಿದು ನೋಡುತ್ತಾಳೆ. ಹೋದ ವರ್ಷ ಎಲ್ಲರ ಸೇರೂ ಒಂದಿಷ್ಟು ದೊಡ್ಡದಾಗಿತ್ತು! ಇಷ್ಟು ದಿನ ಗಿರಾಕಿಗೆ ಹೆಚ್ಚು ಹೋಗಿದೆ ಎಂದುಕೊಂಡು ಎಲ್ಲರೂ ಸಂತೋಷದಿಂದ ಸೇರಿನ ಬಾಯಿ ಉಜ್ಜಿಸಿ ಕಿರಿದು ಮಾಡಿಸಿಕೊಂಡರು. ಹಿತ್ತಾಳೆ ಬಿಸಿಲಿಗೆ ಹಿಗ್ಗಿದೆ ಎಂದು ನಾನೂ ದುಂಡಗೆ ಬರೆದಿಟ್ಟೆ. ಸಮಾಜ ಪಾಠದವನ ವಿಜ್ಞಾನ ಅಷ್ಟೇ.

ಈ ವರ್ಷ ಸೈಫುಲ್ಲಾ ಬಂದ. ಬಹಳ ಕಾಲ ಮುಚ್ಚಿದ್ದ ಅಜ್ಜನ ಭಟ್ಟಿಗೆ ಆಗಷ್ಟೇ ಬೆಂಕಿ ಹಾಕಿದ್ದ. ನವಣೆ ಸುರಿದರೆ ಅವನ ಸೇರು ತುಂಬಲೇ ಇಲ್ಲ. ಉಜ್ಜಿಸಿಕೊಂಡು ಬಾ ಎಂದಳು ಓಬಕ್ಕ. ಅವನು ಸೇರಿನ ಮೈ ಮೇಲಿನ ಗುರುತುಗಳನ್ನು ತೋರಿಸಿದ. ಅಜ್ಜನ ಕಾಲದಲ್ಲಿ ವರ್ಷವರ್ಷವೂ ಇದೇ ತಾಯಿ ಸೇರಿಗೆ ಸರಿಹೊಂದಿದೆ ಎಂದು ಸಂಘವೇ ಹಾಕಿದ ಗುರುತುಗಳವು.

"ಮೂಲ್ಯಾಗ ಕುಂತ ಸೇರು ಬೆಳೆಯೋದು ಹೆಂಗೆ ಚಿಕ್ಕಮ್ಮ?" ಎಂದ.

ಎಲ್ಲರೂ ನಕ್ಕರು, ಓಬಕ್ಕನೂ ನಕ್ಕಳು. ಅವನು ನಾಳೆ ಉಜ್ಜಿಸುತ್ತೇನೆಂದು ಹೊರಟುಹೋದ.

ಮಧ್ಯಾಹ್ನ ಅವಳು ಹುಣಸೆಹಣ್ಣು ಹಚ್ಚಿ ತಾಯಿ ಸೇರು ತೊಳೆಯಲು ಕುಳಿತಳು. ನೂರಾರು ಸಲ ತೊಳೆದ ಕೈಯೇ. ಈ ಸಲ ಮಾತ್ರ ಆ ಕೈ ಹುಡುಕುತ್ತಿತ್ತು. ಒಳಗೆ ತಳ ಸ್ವಲ್ಪ ಉಬ್ಬಿದೆ. ಬೋರಲು ಹಾಕಿದರೆ ಹೊರಗಿನಿಂದ ತಗ್ಗು. ಹೋದ ವರ್ಷ ಪರೀಕ್ಷೆಗೆ ಮೊದಲು ಮನೆ ಬದಲಿಸುವಾಗ ಆಟೋದಲ್ಲಿ ರುಬ್ಬುಗುಂಡು ಉರುಳಿ ಸೇರಿಗೆ ಬಡಿದಿತ್ತು. ಆಗ ಡ್ರೈವರನಿಗೆ ಓಣಿಗೆಲ್ಲ ಕೇಳುವಂತೆ ಬೈದು, ಸೇರಿನ ಬಾಯಿ ನೆಟ್ಟಗಿದೆಯೇ ಎಂದು ನೋಡಿದ್ದಳು. ತಳ ನೋಡಿರಲಿಲ್ಲ. ಬೆಳೆದದ್ದು ಭಟ್ಟಿಯವರ ಸೇರಲ್ಲ, ಕುಗ್ಗಿದ್ದು ತಾಯಿ ಸೇರು.

ಸುಮ್ಮನಿದ್ದಿದ್ದರೆ ಸೈಫುಲ್ಲಾ ಮರುದಿನ ತನ್ನ ಸೇರು ಉಜ್ಜಿಸುತ್ತಿದ್ದ, ಊರಲ್ಲಿ ಉಳಿದಿದ್ದ ಒಂದೇ ಸಾಕ್ಷಿಯೂ ಅಳಿಸಿಹೋಗುತ್ತಿತ್ತು. ಹೇಳಿದರೆ ಸೇರು ಕೈತಪ್ಪುತ್ತದೆ. ಅಳತೆ ಕೆಡಿಸಿದವರ ಬಳಿ ಅಳತೆ ಇರಕೂಡದು ಎಂಬ ಮೊದಲ ಕಟ್ಟಳೆಯನ್ನು ನಾನೇ ಪ್ರತಿ ವರ್ಷ ಅವಳೆದುರು ಓದಿದ್ದೇನೆ. ಅವಳು ಒಲೆ ಆರಿಸಿ, ರಸ್ತೆ ದಾಟಿ, ಅಲ್ಲಾಬಕ್ಷರೂ ನಾನೂ ಕುಳಿತಿದ್ದ ಕೋಣೆಗೆ ಬಂದು ಸೇರನ್ನು ಮೇಜಿನ ಮೇಲೆ ಬೋರಲಿಟ್ಟಳು.

"ಇದು ನನ್ನ ಕೈಯಾಗ ಕೆಟ್ಟೈತ್ರಿ. ಒಂದು ವರ್ಷ ಊರಿಗೆಲ್ಲ ಕಮ್ಮಿ ಅಳದೀವಿ. ಆ ಹುಡುಗನ ಸೇರು ಉಜ್ಜಾದು ಬ್ಯಾಡ."

ಸಂಜೆ ಸಭೆ ಸೇರಿತು. ಅವಳನ್ನೇ ಮುಂದುವರಿಸಬೇಕೆಂದು ನಾನು ವಾದಿಸಿದೆ. ಅಲ್ಲಾಬಕ್ಷ್ ಕೂಡ ಬೇಡಿಕೊಂಡರು. ಓಬಕ್ಕನೇ ಒಪ್ಪಲಿಲ್ಲ. ಕೊನೆಗೆ ಸೈಫುಲ್ಲಾನ ಸೇರಿಗೆ ಸರಿಯಾಗುವಂತೆ ತಾಯಿ ಸೇರಿನ ತಳ ತಟ್ಟಿಸುವುದು, ಎಲ್ಲರೂ ಹೊಸ ಸೇರು ಮಾಡಿಸುವುದು, ಮುಂದಿನ ಒಂದು ವರ್ಷ ಪ್ರತಿ ಸೇರಿಗೂ ಗಿರಾಕಿಗೆ ಮೇಲೊಂದು ಹಿಡಿ ಕೊಸರು ಕೊಡುವುದು ಎಂದಾಯಿತು. ತಾಯಿ ಸೇರು ನನ್ನ ಕೊರಳಿಗೆ ಬಿತ್ತು. ಮೇಷ್ಟ್ರು ಮಾತು ಬಿಟ್ಟು ಬೇರೇನೂ ಮಾರುವವರಲ್ಲ ಎಂದು ಅಲ್ಲಾಬಕ್ಷ್ ಕಾರಣ ಕೊಟ್ಟರು.

ಹಬ್ಬ ಕಳೆದ ಮೇಲೆ ಅಳುಕುತ್ತಲೇ ಅವಳ ಅಂಗಡಿಗೆ ಹೋದೆ. ಓಣಿಯವರೆಲ್ಲ ಅಲ್ಲೇ ನೆರೆದಿದ್ದರು. ಬಜ್ಜಿಯ ಪಕ್ಕದಲ್ಲಿ ದೊಡ್ಡ ಬುಟ್ಟಿ ತುಂಬ ಮಂಡಕ್ಕಿ! ಬಂದವರಿಗೆಲ್ಲ ಅಳೆದು, ಮೇಲೊಂದು ಹಿಡಿ ಹಾಕಿ ಕೊಡುತ್ತಿದ್ದಳು. ನಡುವೆ ತಾನೂ ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು, ಹತ್ತೊಂಬತ್ತು ವರ್ಷದ ಮೇಲೆ, ನಿಧಾನವಾಗಿ ಅಗಿದಳು. ಕಣ್ಣು ತುಂಬಿದ್ದನ್ನು ಸೆರಗಿನಿಂದ ಒರೆಸಿ, ಬಜ್ಜಿಯ ಹೊಗೆ ಎಂದಳು.

ನಾನೂ ಬುಟ್ಟಿಗೆ ಕೈ ಚಾಚಿದೆ. ನನ್ನನ್ನು ಕಂಡು ಅವಳು ಎದ್ದು ನಿಂತಳು, ಬುಟ್ಟಿಯನ್ನು ಹಿಂದಕ್ಕೆಳೆದುಕೊಂಡಳು.

"ಸೇರು ಇಟ್ಕಂಡೋರು ಮಂಡಕ್ಕಿ ಮುಟ್ಟಂಗಿಲ್ರಿ ಮೇಷ್ಟ್ರೇ. ಕೂಡ್ರಿ, ಚಾ ಕೊಡ್ತೀನಿ."

ತಿನ್ನಬಾರದೆಂದು ಕಟ್ಟಳೆಯಲ್ಲಿ ಎಲ್ಲಿಯೂ ಇಲ್ಲ. ಅದನ್ನು ದುಂಡಗೆ ನಕಲು ಮಾಡಿಟ್ಟವನೇ ನಾನು. ಆದರೂ ಬೆಂಚಿನ ಮೇಲೆ ಕುಳಿತು ಬರೀ ಚಹಾ ಕುಡಿದೆ.