ಎರಡು ಸಲ ಬಂದ ಒಂದೇ ಸಂದೇಶ

೧೯೮೮ರ ಆಗಸ್ಟ್, ಎರಡನೆಯ ಮಂಗಳವಾರ, ಬೆಳಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ಇಚಲಕರಂಜಿಯ ನಮ್ಮ ಕಾರ್ಖಾನೆಯಲ್ಲಿ ನಾನು ನೋಡಿಕೊಳ್ಳುವ ಕಂಪ್ಯೂಟರ್ ಕೋಣೆಗೆ ಗೋದಾಮಿನ ಕಾಕಾ ಒಂದು ಕಾಗದ ಹಿಡಿದು ಬಂದರು. ನನ್ನ ಡೈರಿಯಲ್ಲಿ ಈ ಸಂಗತಿ ಅಲ್ಲಿಂದ ಶುರುವಾಗುತ್ತದೆ.

ನೂಲಿಗೆ ಗಂಜಿ ಹಾಕಿ, ಬೀಮುಗಳಿಗೆ, ಅಂದರೆ ದೊಡ್ಡ ಉರುಳೆಗಳಿಗೆ, ಸುತ್ತಿ, ಕೊರೋಚಿ, ಯಡ್ರಾವದ ಮಗ್ಗಗಳಿಗೆ ಕಳಿಸುವುದು ನಮ್ಮ ಕೆಲಸ. ಪ್ರತಿ ಬೀಮಿಗೂ ಆಫೀಸಿನ ಕಂಪ್ಯೂಟರಿನಲ್ಲಿ ಒಂದು ಚೀಟಿ, ಅಂದರೆ ಒಂದು ಸಣ್ಣ ಫೈಲು, ಇರುತ್ತಿತ್ತು. ಬೀಮು ಹೊರಗೆ ಹೋದಾಗ ಕಾಕಾ ಗೋದಾಮಿನ ಕಂಪ್ಯೂಟರಿನಿಂದ ಆ ಚೀಟಿಯನ್ನು ಅಳಿಸಬೇಕು. ಜುಲೈನಲ್ಲಿ ಹನ್ನೊಂದು ಸಲ ‘ಅಂಥ ಚೀಟಿ ಇಲ್ಲ’ ಎಂಬ ಉತ್ತರ ಬಂದಿತ್ತು. ಚೀಟಿ ಇಲ್ಲದೆ ಬೀಮು ಕೊಟ್ಟಿದ್ದಾರೆಂದು ಮ್ಯಾನೇಜರ್ ಸಾಹೇಬರು ನೋಟಿಸು ಕೊಟ್ಟರು. ಶನಿವಾರದೊಳಗೆ ಸರಿಯಾದ ಉತ್ತರ ಕೊಡದಿದ್ದರೆ ಕಾಕಾನ ಕೆಲಸ ಹೋಗುತ್ತಿತ್ತು.

“ಗಡಹಿಂಗ್ಲಜ ಬಿಟ್ಟು ಬಂದು ಇಪ್ಪತ್ತೆರಡು ವರ್ಷ ಆತು ತಂಗಿ. ಒಂದ ಎಳಿ ನೂಲ ಮನಿಗೆ ಒಯ್ದಿಲ್ಲ. ಈಗ ನಿನ್ನ ಡಬ್ಬಿ ನನ್ನ ಕಳ್ಳ ಮಾಡಾಕತ್ತೈತಿ.”

“ಡಬ್ಬಿ ಸುಳ್ಳ ಹೇಳೂದಿಲ್ರಿ ಕಾಕಾ,” ಎಂದುಬಿಟ್ಟೆ.

“ಹಂಗಾರ ನಾನ ಹೇಳಾಕತ್ತೇನೇನು?” ಎಂದು ನೋಟಿಸನ್ನು ನನ್ನ ಮೇಜಿನ ಮೇಲಿಟ್ಟು ಹೊರಟುಹೋದರು.

ಆ ಹನ್ನೊಂದು ‘ಇಲ್ಲ’ಗಳನ್ನೂ ಬಂದ ಹೊತ್ತಿನ ಸಮೇತ ಗೆರೆ ಹಾಕಿ ಬರೆದುಕೊಂಡೆ. ಎಲ್ಲವೂ ಮಧ್ಯಾಹ್ನ ಹನ್ನೆರಡರಿಂದ ಎರಡರ ನಡುವೆ, ಆಫೀಸಿನ ಯಂತ್ರಕ್ಕೆ ಉಸಿರಾಡಲೂ ಪುರಸೊತ್ತಿಲ್ಲದ ಹೊತ್ತಿನಲ್ಲಿ ಆದವು. ಗೋದಾಮಿನ ಯಂತ್ರ ಒಂದು ಕೆಲಸ ಹೇಳಿ ಸಂದೇಶ ಕಳಿಸುತ್ತದೆ. ಪ್ರತಿ ಸಂದೇಶಕ್ಕೂ ಒಂದು ನಂಬರು. ಉತ್ತರ ತಡವಾದರೆ ಸಂದೇಶ ಕಳೆದುಹೋಯಿತೆಂದು ತಿಳಿದು ಅದೇ ನಂಬರಿನಲ್ಲಿ ಮತ್ತೊಮ್ಮೆ ಕಳಿಸುತ್ತದೆ. ಆಫೀಸಿನ ಯಂತ್ರದಲ್ಲಿ ಅದನ್ನು ಬರಮಾಡಿಕೊಳ್ಳುವುದು ಕರ್ನೆಲ್, ಅಂದರೆ ಯಂತ್ರವನ್ನು ನಡೆಸುವ ಮೂಲ ಪ್ರೋಗ್ರಾಂ. ಅದಕ್ಕೆ ಹಿಂದಿನದರ ನೆನಪೇ ಇರಲಿಲ್ಲ. ಮೊದಲ ಸಂದೇಶಕ್ಕೆ ಚೀಟಿ ಅಳಿಸಿತು. ಎರಡನೆಯದಕ್ಕೆ ಮತ್ತೆ ಅಳಿಸಲು ಹೋಗಿ, ‘ಇಲ್ಲ’ ಎಂದಿತು. ಮೊದಲ ಉತ್ತರ ದಾರಿಯಲ್ಲಿ ಕಳೆದುಹೋದಾಗ ಕಾಕಾನಿಗೆ ಕಂಡದ್ದು ಈ ‘ಇಲ್ಲ’ ಮಾತ್ರ. ಡಬ್ಬಿ ಹೇಳಿದ್ದು ಸುಳ್ಳಲ್ಲ, ಆದರೆ ಕಾಕಾನೂ ಕಳ್ಳರಲ್ಲ.

ಆ ಭಾಗದ ಮೂಲ ಕೋಡು ಯಂತ್ರದೊಂದಿಗೆ ಬಂದ ಟೇಪಿನಲ್ಲಿತ್ತು. ಕೊಲ್ಹಾಪುರದಲ್ಲಿ ಓದುವಾಗ ಕಲಿತ ಸಿ ಭಾಷೆ ಕೈಹಿಡಿಯಿತು. ಬುಧವಾರ ಅರವತ್ತನಾಲ್ಕು ಸಾಲಿನ ಪಟ್ಟಿಯೊಂದನ್ನು ಸೇರಿಸಿದೆ: ಮುಗಿದ ಕೆಲಸದ ನಂಬರು, ಅದಕ್ಕೆ ಕೊಟ್ಟ ಉತ್ತರ. ಅದೇ ನಂಬರು ಮತ್ತೆ ಬಂದರೆ ಹಳೆಯ ಉತ್ತರವನ್ನೇ ಕಳಿಸುವುದು. ಗುರುವಾರ ಮಧ್ಯಾಹ್ನದ ಲೆಕ್ಕ: ಮೂರು ಸಲ ಮತ್ತೆ ‘ಇಲ್ಲ’.

ಮುಖ ಇಳಿಬಿಟ್ಟುಕೊಂಡು ಗೋದಾಮಿಗೆ ಹೋದೆ. ಕೊರೋಚಿಯ ಮಗ್ಗದವನೊಬ್ಬ ಕಾಕಾನ ಮುಂದೆ ಕೂಗಾಡುತ್ತಿದ್ದ.

“ಮುಂಜಾನಿಂದ ಎರಡ ಸಲ ಹೇಳಿ ಕಳಸೇನ್ರಿ! ಬೀಮ ಎಲ್ಲಿ?”

“ಎರಡ ಸಲ ಹೇಳಿದ್ರ ಎರಡ ಬೀಮ ಕೊಡ್ಲೇನು? ಕುಂಡ್ರ, ಚಾ ಕುಡಿ.”

ಗೋಡೆಯ ಮೇಲೆ ಎರಡು ತಂತಿಗಳಿದ್ದವು. ಕಂಪ್ಯೂಟರ್ ಬಂದ ಮೇಲೂ ಕಾಕಾ ಮಗ್ಗದವರ ಕಾಗದದ ಚೀಟಿಗಳನ್ನು ಅವಕ್ಕೆ ಚುಚ್ಚಿಡುವುದನ್ನು ಬಿಟ್ಟಿರಲಿಲ್ಲ. ಎರಡು ಯಾಕೆಂದು ಕೇಳಿದೆ.

“ಇದು ಮುಗದದ್ದು. ಮತ್ತ ಕೇಳಾಕ ಬಂದ್ರ, ಕೊಟ್ಟೇನಿ ಹೋಗೋ ಅಂತೇನಿ. ಇದು ಇನ್ನೂ ಸುತ್ತಾಕತ್ತಿದ್ದು. ಇದರಾಗಿನಾಂವ ಬಂದ್ರ ಏನೂ ಹೇಳೂದಿಲ್ಲ, ಚಾ ಕುಡಸ್ತೇನಿ. ಅಷ್ಟರಾಗ ಮೊದಲಿನ ಕೆಲಸ ಮುಗೀತೈತಿ.”

ನನ್ನ ಪಟ್ಟಿಗೆ ಇದ್ದದ್ದು ಒಂದೇ ತಂತಿ, ಮುಗಿದದ್ದರದು. ಕರ್ನೆಲ್‌ನಲ್ಲಿ ಏಕಕಾಲಕ್ಕೆ ನಾಲ್ಕು ಸಂದೇಶಗಳ ಕೆಲಸ ನಡೆಯುತ್ತಿತ್ತು. ಮೊದಲ ಸಂದೇಶದ ಕೆಲಸ ಇನ್ನೂ ಮುಗಿಯದಿರುವಾಗಲೇ ಅದೇ ನಂಬರಿನ ಜೋಡಿ ಬಂದರೆ, ಪಟ್ಟಿಯಲ್ಲಿ ನಂಬರು ಸಿಗದೆ, ಅದೂ ಅಳಿಸಲು ಓಡುತ್ತಿತ್ತು.

“ಕಾಕಾ, ನೀವ ಈ ಕೋಡ್ ಬರೀಬೇಕಿತ್ತು ನೋಡ್ರಿ!”

“ಪಗಾರ ಎಷ್ಟ ಕೊಡತಾರ?” ಎಂದರು. ಆ ವಾರ ಅವರು ನಕ್ಕದ್ದು ಅದೇ ಮೊದಲು.

ಶುಕ್ರವಾರ ಕೋಡು ತಿದ್ದಿದೆ: ಸಂದೇಶ ಬಂದ ಕೂಡಲೇ ನಂಬರು ಬರೆದುಕೊಂಡು ‘ನಡೆಯುತ್ತಿದೆ’ ಎಂದು ಗುರುತು ಹಾಕುವುದು; ನಡೆಯುತ್ತಿರುವುದರ ಜೋಡಿ ಬಂದರೆ ಸುಮ್ಮನೆ ಬಿಟ್ಟುಬಿಡುವುದು. ಶನಿವಾರ ಮಧ್ಯಾಹ್ನ ಸಾಹೇಬರ ಎದುರು ಕಾಕಾ ಪರೀಕ್ಷೆಗೆಂದೇ ಮಾಡಿದ ನಲವತ್ತು ಚೀಟಿ ಅಳಿಸಿದರು. ಮತ್ತೆ ಬಂದ ಸಂದೇಶ ಹದಿನೇಳು. ‘ಇಲ್ಲ’ ಎಂಬ ಉತ್ತರ ಸೊನ್ನೆ. ಹಳೆಯ ಕೋಡು ಹಾಕಿ ಅಂಥವೇ ಇನ್ನೂ ನಲವತ್ತು ಅಳಿಸಿಸಿದೆ, ‘ಇಲ್ಲ’ ಐದು ಬಂದವು.

“ಕಾಯ್ ಕಾಕಾ, ಮಶೀನಚ್ ಚುಕಲಂ ಕೀ!” ತಪ್ಪು ಯಂತ್ರದ್ದೇ ಎಂದು ಮರಾಠಿಯಲ್ಲಿ ಒಪ್ಪಿಕೊಂಡು ಸಾಹೇಬರು ನೋಟಿಸನ್ನು ಹರಿದರು.

ಇದಾಗಿ ಕೆಲವು ತಿಂಗಳಾಯಿತು, ಕಾಕಾ ಗೋದಾಮಿನಲ್ಲೇ ಇದ್ದಾರೆ. ಆದರೆ ನನ್ನ ಪಟ್ಟಿ ಇರುವುದು ಯಂತ್ರದ ನೆನಪಿನಲ್ಲಿ ಮಾತ್ರ. ಕರೆಂಟು ಹೋಗಿ ಬಂದರೆ ಎಲ್ಲ ಖಾಲಿ. ಆಗ ಬರುವ ಜೋಡಿ ಸಂದೇಶ ಮತ್ತೆ ಹೊಸದಾಗಿ ಕಾಣುತ್ತದೆ. ಅಂಥವು ಈವರೆಗೆ ಎರಡಾಗಿವೆ. ಎರಡು ಸಲವೂ ಸಾಹೇಬರು ಕಾಕಾನಿಗೆ ನೋಟಿಸು ಕೊಡದೆ ಮೊದಲು ನನ್ನನ್ನೇ ಕರೆದು ಕೇಳಿದರು. ಪ್ರತಿ ನಂಬರನ್ನೂ ಡಿಸ್ಕಿಗೆ ಬರೆದರೆ ಕೆಲಸ ತೀರ ನಿಧಾನವಾಗುತ್ತದೆ. ಇದಕ್ಕೆ ದಾರಿ ಕಂಡವರು ಯಾರಾದರೂ ಇದ್ದರೆ ದಯವಿಟ್ಟು ಬರೆದು ತಿಳಿಸಿ.