ಗಂಗವ್ವ ಸಾಕ್ಷಿ ಹೇಳಿದ ಭಾನುವಾರ

ಆಗ ಬ್ಯಾಡಗಿಯಲ್ಲಿ ಚಳಿಗಾಲ ಅಂದರೆ ಸೀನು. ಮಾರುಕಟ್ಟೆಗೆ ಮೆಣಸಿನಕಾಯಿ ಬರಲು ಶುರುವಾದರೆ ಹೊರಗಿನವರು ಮೂಗು ಮುಚ್ಚಿಕೊಂಡು ನಡೆಯುತ್ತಿದ್ದರು, ನಾವು ಆ ಘಾಟಿನಲ್ಲೇ ಕುಂಟಾಟ ಆಡುತ್ತಿದ್ದೆವು. ನಮ್ಮ ಸಣ್ಣ ಚರ್ಚಿನಲ್ಲಿ ಹಾಡಿನ ನಡುವೆಯೂ ಸೀನು. ನಮ್ಮ ಕಡೆಯವರಾದರೆ ಇದನ್ನು ಓದಿ ತಲೆಯಾಡಿಸುತ್ತೀರಿ. ನನಗೆ ಮಾತ್ರ ಬರೆಯುತ್ತಲೇ ಅನುಮಾನ: ಅಷ್ಟೆಲ್ಲ ಸೀನಿದ್ದೆವೇ? ಒಂದು ವಾಸನೆ ಸಿಕ್ಕರೆ ಸಾಕು, ಉಳಿದದ್ದನ್ನು ನೆನಪು ತಾನೇ ಕಟ್ಟಿಕೊಳ್ಳುತ್ತದೆ. ಖಚಿತವಾಗಿ ಗೊತ್ತಿರುವುದು ಇಷ್ಟು. ಆ ಚಳಿಗಾಲ ನನಗೆ ಒಂಬತ್ತು ವರ್ಷ, ನಾನು ಚರ್ಚಿನಲ್ಲಿ ಒಂದು ಸುಳ್ಳು ಹೇಳಿದೆ.

ಭಾನುವಾರದ ಆರಾಧನೆಯ ಕೊನೆಗೆ ನಮ್ಮಲ್ಲಿ ಸಾಕ್ಷಿ ಹೇಳುವುದಿತ್ತು. ಆ ವಾರ ದೇವರು ತಮಗೆ ಏನು ಮಾಡಿದ, ತಾವು ಯಾರಿಗೆ ಆತನ ವಿಷಯ ತಿಳಿಸಿದೆವು ಎಂದು ಒಬ್ಬೊಬ್ಬರೇ ಎದ್ದು ಹೇಳಬೇಕು. ಮಕ್ಕಳಿಗೂ ಸರದಿ ಇತ್ತು. ಚೆನ್ನಾಗಿ ಹೇಳಿದವರನ್ನು ಪಾಸ್ಟರ್ ಹತ್ತಿರ ಕರೆದು ತಲೆ ಸವರುತ್ತಿದ್ದರು. ನಮ್ಮವ್ವ ಒಂದು ದಿನವೂ ಎದ್ದವಳಲ್ಲ.

"ನೀ ಯಾಕ ಏನೂ ಹೇಳಂಗಿಲ್ಲ?" ಎಂದು ಕೇಳಿದರೆ, "ಹೇಳೂವಂಥಾದ್ದು ಏನೂ ಆಗಿಲ್ಲವಾ" ಅನ್ನುತ್ತಿದ್ದಳು. ನನಗೆ ನಾಚಿಕೆಯಾಗುತ್ತಿತ್ತು.

ಪಕ್ಕದ ಮನೆಯ ಗಂಗವ್ವ ಕಾಯಿಯ ತುಂಬು ಬಿಡಿಸುವ ಕೆಲಸಕ್ಕೆ, ಅಂದರೆ ತೊಟ್ಟು ಕೀಳುವ ಕೆಲಸಕ್ಕೆ, ಹೋಗುತ್ತಿದ್ದಳು. ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ಎಲ್ಲರೂ ಹೇಳುತ್ತಾರೆ. ದಿನವಿಡೀ ಬಿಡಿಸಿದ ಕೈಗಳು ಆ ಮಾತನ್ನು ಒಪ್ಪುವುದಿಲ್ಲ. ಸಂಜೆ ಆಕೆ ನೇರ ನಮ್ಮ ಕಟ್ಟೆಗೆ ಬಂದು ಎರಡೂ ಕೈ ಚಾಚುತ್ತಿದ್ದಳು. ಅವ್ವ ಅವನ್ನು ತಣ್ಣನೆಯ ಮಜ್ಜಿಗೆಯಲ್ಲಿ ಅದ್ದಿಸಿ, ಹಳೇ ಸೀರೆಯ ತುಂಡಿನಲ್ಲಿ ಒರೆಸಿ, ಕೊಬ್ಬರಿ ಎಣ್ಣೆ ಸವರುತ್ತಿದ್ದಳು. ಕೈ ಉರಿಯುತ್ತದೆಂದು ತನ್ನ ಮನೆಯಲ್ಲಿ ಹೇಳಿದರೆ ಅತ್ತೆ, "ಊರಾಗ ನೀ ಒಬ್ಬಾಕೀನ ಕಾಯಿ ಬಿಡಸ್ತೀ ಏನ?" ಅನ್ನುತ್ತಿದ್ದಳಂತೆ. ಇಬ್ಬರೂ ಆ ಅತ್ತೆಯನ್ನು ಅಣಕಿಸಿ ನಗುತ್ತಿದ್ದರು. ಅವ್ವ ಹಾಗೆ ನಗುತ್ತಿದ್ದದ್ದು ದಿನಕ್ಕೆ ಅದೊಂದೇ ಹೊತ್ತು.

ಕ್ರಿಸ್‌ಮಸ್‌ಗೆ ಮೊದಲಿನ ಒಂದು ಭಾನುವಾರ ನಾನು ಎದ್ದು ನಿಂತೆ. "ನಾನು ಗಂಗವ್ವ ದೊಡ್ಡವ್ವನ ಕೈ ಹಿಡಿದು ಪ್ರಾರ್ಥನೆ ಮಾಡಿದೆನು. ಆಕೆಯ ಉರಿ ನಿಂತುಹೋಯಿತು. ನಾನೂ ಯೇಸುವನ್ನು ನಂಬುತ್ತೇನೆ ಎಂದು ಆಕೆ ಹೇಳಿದಳು." ಚರ್ಚಿನಲ್ಲಿ ನಾವು ಪುಸ್ತಕದ ಕನ್ನಡ ಮಾತಾಡುತ್ತಿದ್ದೆವು. ಆ ಕನ್ನಡದಲ್ಲಿ ಸುಳ್ಳು ಹೇಳುವುದು ಸುಲಭ.

"ಸ್ತೋತ್ರ!" ಎಂದಿತು ಸಭೆ. ಪಾಸ್ಟರ್ ನನ್ನ ತಲೆ ಸವರಿದರು. "ಮುಂದಿನ ಭಾನುವಾರ ರಾಣೆಬೆನ್ನೂರಿನ ಸಭೆಯವರೂ ಬರ್ತಾರ. ಆ ತಾಯಿನ್ನ ಕರಕೊಂಡು ಬಾ ಮಗಳ. ಅವರ ಬಾಯಿಂದನ ಕೇಳೋಣ."

ಮನೆಯ ತಿರುವಿನಲ್ಲಿ ಅವ್ವ ನನ್ನ ಕೈ ಹಿಡಿದು ನಿಲ್ಲಿಸಿದಳು. "ಖರೇ ಏನ, ಗ್ರೇಸಿ?" ಎಂದಳು.

ನಾನು ದಾರಿಯ ಕಲ್ಲೊಂದನ್ನು ಒದ್ದೆ.

"ಆಕಿ ಮನ್ಯಾಗಿನವರ ಕಿವೀಗೆ ಬಿದ್ದರ ಏನಾಗ್ತೈತಿ ಗೊತ್ತೈತೇನ? ಸೊಸಿ ಧರ್ಮ ಬಿಟ್ಟಳು ಅಂತಾರ. ಆಮ್ಯಾಲ ಆಕೀನ್ನ ನಮ್ಮ ಕಟ್ಟಿ ಹತ್ತಾಕ ಬಿಡಂಗಿಲ್ಲ." ಅವ್ವ ಹೊಡೆಯಲಿಲ್ಲ. "ಹೋಗು. ನೀನ ಹೋಗಿ ಆಕಿಗೆ ಹೇಳು."

ತಪ್ಪು ಒಪ್ಪಿಕೊಳ್ಳಲೆಂದೇ ಹೋದೆ. ಗಂಗವ್ವ ರೊಟ್ಟಿ ಬಡಿಯುತ್ತಿದ್ದಳು. ನನ್ನ ಬಾಯಿಂದ ಬಂದದ್ದು ಬೇರೆ.

"ದೊಡ್ಡವ್ವಾ, ಭಾನುವಾರ ನಮ್ಮ ಚರ್ಚಿಗೆ ಬಂದು ಒಂದ ಮಾತ ಹೇಳ್ರಿ. ನಾ ಪ್ರಾರ್ಥನಾ ಮಾಡಿದ್ದಕ್ಕ ಕೈ ಆರಾಮ ಆತು ಅಂತ. ಅಷ್ಟ."

"ಹೇಳಿದರ ಏನ ಕೊಡ್ತೀ?"

"ಕೇಕ್."

ಗಂಗವ್ವ ಹಿಟ್ಟಿನ ಕೈಯಲ್ಲೇ ಬಾಯಿ ಮುಚ್ಚಿಕೊಂಡು ನಕ್ಕಳು. ನಗು ಮುಗಿದ ಮೇಲೆ ಕೇಳಿದಳು, "ನಿಮ್ಮ ದೇವರು ಅಲ್ಲೇ ಇರ್ತಾನಲ್ಲ?"

"ಹೂಂ."

"ಮತ್ತ ಅವನ ಮನ್ಯಾಗ ನಿಂತು ಸುಳ್ಳ ಹ್ಯಾಂಗ ಹೇಳಲವಾ? ನಾ ಅವನ ಪೈಕಿ ಅಲ್ಲ, ಖರೇ. ಬೀಗರ ಮನಿಗೆ ಹೋದರೂ ಒಂದ ಮರ್ಯಾದಿ ಇರ್ತೈತಿಲ್ಲೋ?"

"ಹಂಗಾರ ಬರಬ್ಯಾಡ್ರಿ."

"ಕರದ ಮ್ಯಾಲ ಬ್ಯಾಡ ಅಂದ್ರ ಹ್ಯಾಂಗ? ಬರತೇನಿ. ಇದ್ದದ್ದ ಹೇಳತೇನಿ. ನಮ್ಮತ್ತೀನ್ನೂ ಕರಕೊಂಡ ಬರತೇನಿ. ಹಿಂದಿಂದ ಯಾರೋ ಹೇಳಿದ್ದು ಕೇಳೋದಕಿಂತ, ಮುಂದ ಕುಂತು ಕೇಳಲಿ ಮುದುಕಿ."

ಬಂದಳು. ಇಸ್ತ್ರಿ ಮಾಡಿದ ಬಿಳಿ ಬಟ್ಟೆಯ ರಾಣೆಬೆನ್ನೂರಿನವರ ಹಿಂದಿನ ಬೆಂಚಿನಲ್ಲಿ ಅತ್ತೆ ಸೊಸೆ ಇಬ್ಬರೂ ತಲೆ ತುಂಬ ಸೆರಗು ಹೊದ್ದು ಕುಳಿತರು. ಪಾಸ್ಟರ್ ಕರೆದಾಗ ಗಂಗವ್ವ ಮುಂದೆ ಹೋಗದೆ ಬೆಂಚಿನ ಬಳಿಯೇ ಎದ್ದು ನಿಂತಳು.

"ಈ ಹುಡುಗಿ ಪ್ರಾರ್ಥನಾ ಮಾಡಿದ್ದು ನನಗ ಗೊತ್ತಿಲ್ಲರಿ. ಮನಸಿನ್ಯಾಗ ಮಾಡಿದ್ದರ ಮಾಡಿರಬೇಕು. ಕೈ ಅಂತೂ ಈಗೂ ಉರಿಯಾಕತ್ತಾವ. ಇವರವ್ವ ದಿನಾ ಸಂಜಿಗೆ ಮಜ್ಜಿಗ್ಯಾಗ ತೊಳೀತಾಳ. ನಮ್ಮ ದೇವರಿಗೆ ಬಾ ಅಂತ ಒಂದ ದಿನಾನೂ ಅಂದಿಲ್ಲ. ನಾನೂ ಅಂದಿಲ್ಲ. ಅಷ್ಟರಿ."

"ಮಜ್ಜಿಗಿ ನಮ್ಮ ಮನ್ಯಾಗೂ ಐತಿ!" ಎಂದಳು ಅತ್ತೆ, ಇಡೀ ಚರ್ಚಿಗೆ ಕೇಳುವ ಹಾಗೆ.

ಯಾರೂ ಸ್ತೋತ್ರ ಅನ್ನಲಿಲ್ಲ. ಆಗ ನಾನು ಎದ್ದು, ಮನೆಯ ಮಾತಿನಲ್ಲೇ, "ನಾ ಸುಳ್ಳ ಹೇಳಿದ್ದೆ" ಅಂದೆ. ಎಷ್ಟೋ ವರ್ಷ ಈ ಕತೆಯನ್ನು ಹೀಗೇ ಹೇಳಿದ್ದೇನೆ. ಅವ್ವನನ್ನು ಕೇಳಿದರೆ, "ಎಲ್ಲಿ ಎದ್ದೀ? ಬೆಂಚಿನ ಬುಡಕ ಹೊಕ್ಕಿದ್ದಿ, ಕಾಲು ಹಿಡದ ಎಳದೇವಿ" ಅನ್ನುತ್ತಾಳೆ. ಅವಳದೇ ಸರಿಯಿರಬೇಕು. ಹೇಳುತ್ತ ಹೇಳುತ್ತ ನಾನು ಆಮೇಲೆ ನಿಧಾನವಾಗಿ ಎದ್ದು ನಿಂತಿರಬೇಕು.

ಪಾಸ್ಟರ್ ಏನೂ ಬಯ್ಯಲಿಲ್ಲ. ಇದರಲ್ಲಿ ನಮ್ಮಿಬ್ಬರ ನೆನಪಿಗೂ ಜಗಳವಿಲ್ಲ. ತೆರೆದಿದ್ದ ಬೈಬಲ್ ಮುಚ್ಚಿ, ಗಂಗವ್ವನ ಹತ್ತಿರ ಹೋಗಿ, "ಭಾಳ ಉರೀತಾವೇನ್ರಿ?" ಎಂದು ಕೇಳಿದರು. ಅಷ್ಟು ಮೆಲ್ಲಗೆ ಅವರು ಪ್ರಾರ್ಥನೆಯಲ್ಲೂ ಮಾತಾಡಿದ್ದು ನಾನು ಕೇಳಿರಲಿಲ್ಲ.

ಅಂದು ಸಂಜೆ ಅವ್ವ ಮಜ್ಜಿಗೆ ಇಟ್ಟುಕೊಂಡು ಕಾದಳು. ಗಂಗವ್ವ ಬರಲಿಲ್ಲ. ಗೋಡೆಯ ಆಚೆಯಿಂದ ಅತ್ತೆಯ ದನಿ ಕೇಳಿತು: "ಕೈ ಚಾಚು. ಇನ್ನೂ ಮುಂದಕ್ಕ ಚಾಚು. ಮಂದಿ ಮುಂದ ನನ್ನ ಮಾನ ಕಳದೀ." ನೀರಿನ ಸಪ್ಪಳ. ಮರುದಿನವೂ ಹಾಗೇ.

"ಚಲೋ ಆತು" ಎಂದಳು ಅವ್ವ. ಎಂದವಳು ಕಟ್ಟೆಯ ಮೇಲೆ ಬಹಳ ಹೊತ್ತು ಕುಳಿತೇ ಇದ್ದಳು. ಗಂಗವ್ವ ಆಮೇಲೂ ಬಾಗಿಲಲ್ಲಿ ನಿಂತು ಮಾತಾಡಿಸುತ್ತಿದ್ದಳು. ಆದರೆ ಅತ್ತೆಯನ್ನು ಅಣಕಿಸುವ ಆಟ ಮುಗಿದಿತ್ತು, ಅದರ ಜೊತೆಗೆ ಅವ್ವನ ಆ ನಗುವೂ. ಗಂಗವ್ವನಿಗೆ ಒಳ್ಳೆಯದೇ ಆಯಿತು, ಅವ್ವನಿಂದ ನಾನು ಕಳೆದದ್ದು ಕಳೆದೇಹೋಯಿತು. ಎರಡನ್ನೂ ಒಂದೇ ವಾಕ್ಯದಲ್ಲಿ ಬರೆಯಬೇಕಾಗುತ್ತದೆ.

ಈಗ ನಾನು ಹಾವೇರಿಯಲ್ಲಿದ್ದೇನೆ. ನಮ್ಮ ಸಭೆಯಲ್ಲಿ ಸಾಕ್ಷಿಗಳನ್ನು ಫೋನಿನಲ್ಲಿ ಹಿಡಿದು ವಾಟ್ಸಾಪ್ ಗುಂಪಿಗೆ ಹಾಕುತ್ತಾರೆ. ಎಲ್ಲ ಸಾಕ್ಷಿಯೂ ಗುಣವಾಗುವುದರಲ್ಲಿ ಮುಗಿಯುತ್ತದೆ, ಕೆಳಗೆ ಸಣ್ಣಗೆ ಸಂಗೀತ. ಅವನ್ನು ಸೋಸಿ ಜೋಡಿಸಿಕೊಡುವವಳು ನಾನೇ. ಹೋದ ತಿಂಗಳು ಮೋಟೆಬೆನ್ನೂರಿನ ಕಡೆಯ ಹೆಂಗಸೊಬ್ಬಳು ಕೊನೆಗೆ, "ಎಲ್ಲಾರೂ ಪ್ರಾರ್ಥನಾ ಮಾಡ್ಯಾರ್ರಿ. ಮಗ ಇನ್ನೂ ಹಾಸಿಗಿ ಬಿಟ್ಟು ಎದ್ದಿಲ್ಲ" ಎಂದು ಹೇಳಿ ಸುಮ್ಮನೆ ಕ್ಯಾಮೆರಾ ನೋಡುತ್ತ ನಿಂತಿದ್ದಳು. ಆ ಮಾತು ಬೇಡ, ಕೇಳಿದವರ ನಂಬಿಕೆ ಕುಗ್ಗುತ್ತದೆ ಎಂದರು ಹಿರಿಯರು.

ನಾನು ಕತ್ತರಿಸಿದೆ. ಒಂದು ನಿಮಿಷವೂ ಹಿಡಿಯಲಿಲ್ಲ.