ಮರದ ಧೂಳು ತುಂಬಿದ ಸರ್ವರ್

ಚನ್ನಪಟ್ಟಣದ ನಮ್ಮ ಗೊಂಬೆ ಕೆಲಸಗಾರರ ಸಣ್ಣ ಸಂಘಕ್ಕೆ ಸರ್ವರ್ ಆರಿಸಿದವನು ನಾನು. ಅದನ್ನು ಕೆಡಿಸಿದವನೂ ನಾನೇ.

ನಮ್ಮಲ್ಲಿ ಎಲ್ಲರಿಗಿಂತ ಹಿರಿಯ ಕೆಲಸಗಾರರ ಕಣ್ಣು ಮಂಜಾಗುತ್ತಾ ಬಂದಿತ್ತು. ಎಷ್ಟೋ ಹಳೆಯ ಗೊಂಬೆಗಳ ಅಳತೆ ಅವರೊಬ್ಬರಿಗೇ ಗೊತ್ತು. ನಮ್ಮ ಆಫೀಸಿನ ಹೆಣ್ಣುಮಗಳು ಅವರ ಪಕ್ಕ ಕುಳಿತು ಒಂದೊಂದನ್ನೂ ಕೇಳಿ, ಕಂಪ್ಯೂಟರಿನಲ್ಲೇ ಚಿತ್ರ ಬರೆದಿಟ್ಟಿದ್ದಳು. ಕಣ್ಣು ಪೂರ್ತಿ ಹೋದ ಮೇಲೆ ಮತ್ತೆ ಕೇಳುವಂತಿರಲಿಲ್ಲ. ಅವನ್ನು ಇಡಲು ಸರ್ವರ್ ಬೇಕಾಯಿತು.

"ಅಣ್ಣ, ಸರ್ವರ್ ಪೆಟ್ಟಿಗೆ ಕೊಳ್ಳೋದು ಬ್ಯಾಡ. ಹೊರಗಿನ ಕಂಪನಿಯೋರ ಸರ್ವರಲ್ಲೇ ಒಸಿ ಜಾಗ ಬಾಡಿಗೆಗೆ ತಕಂಡ್ರೆ ಸಾಕು. ನಮ್ಮಲ್ಲಿ ಧೂಳು ಜಾಸ್ತಿ," ಎಂದಳು.

"ಕಣ್ಣಿಗೆ ಕಾಣ್ದೇ ಇರೋದ್ನ ಮೆಂಬರ್‌ಗಳಿಗೆ ಏನಂತ ತೋರಿಸ್ಲವ್ವ, ನಿನ್ ತಲೆಯಾ?" ಎಂದೆ. ಎಲ್ಲರೂ ನಕ್ಕರು.

ಹಸಿರು ದೀಪ ಮಿನುಗುವ ಕಪ್ಪು ಪೆಟ್ಟಿಗೆ ತರಿಸಿ, ಚಿತ್ರಗಳನ್ನೆಲ್ಲ ಕಂಪ್ಯೂಟರಿನಿಂದ ಅದಕ್ಕೆ ಸಾಗಿಸಿ, ಬಂದವರಿಗೆಲ್ಲ ಕಾಣಲೆಂದು ಮರ ಕಡೆಯುವ ಲೇತ್‌ಗಳ ಪಕ್ಕವೇ ಇಟ್ಟೆ. ಆಯುಧಪೂಜೆಗೆ ಚೆಂಡುಹೂವಿನ ಹಾರ ಹಾಕಿದೆ. ಸಂಜೆ ಬಾಗಿಲು ಹಾಕುವಾಗ ಲೇತ್‌ಗಳ ಜೊತೆ ಅದರ ಮೇನ್ ಸ್ವಿಚ್ಚನ್ನೂ ಎಳೆಯುತ್ತಿದ್ದೆ. ಹಾಗೆ ಆಫ್ ಮಾಡಬೇಡಿ ಎಂದು ಆಕೆ ಎರಡು ಸಲ ಹೇಳಿದಳು. ಕೇಳಲಿಲ್ಲ.

ಒಂದು ಬೆಳಿಗ್ಗೆ ದೀಪ ಹತ್ತಲಿಲ್ಲ. ರಾಮನಗರದಿಂದ ಬಂದ ರಿಪೇರಿಯವನು ಮುಚ್ಚಳ ತೆಗೆದು, "ಏನ್ ಯಜಮಾನ್ರೆ, ಇದರೊಳ್ಗೆ ರಾಗಿ ಬೀಸಿದ್ರಾ?" ಎಂದ. ಫ್ಯಾನಿನ ತುಂಬ ಮರದ ಹಿಟ್ಟು. ಒಳಗಿದ್ದದ್ದು ಯಾವುದೂ ಉಳಿದಿರಲಿಲ್ಲ.

ಹಿರಿಯರು ಸ್ಟೂಲಿನ ಮೇಲೆ ಕುಳಿತಿದ್ದರು. "ನನ್ ಗೊಂಬೆ ಎಲ್ಲಾ ಅದ್ರಲ್ಲೇ ಇದ್ವಾ?" ಎಂದರು. 

"ಇಲ್ಲ ತಾತ, ಹೊರಗಿನ ಕಂಪನಿಯೋರ ಬಾಡಿಗೆ ಜಾಗದಲ್ಲೂ ಒಂದು ಕಾಪಿ ಐತೆ. ಅಣ್ಣನೇ ಇಡು ಅಂದಿದ್ರು," ಎಂದಳು ಆಕೆ.

ನಾನು ಹೇಳಿರಲಿಲ್ಲ. ನಾನು ನಗಾಡಿದ ದಿನವೇ ಅವಳಾಗಿ ಇಟ್ಟಿದ್ದಳು. ಹಿರಿಯರು ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಹರಸಿದರು. ನಾನು ಸುಮ್ಮನೆ ಹರಸಿಸಿಕೊಂಡೆ.

ಗೊಂಬೆಗಳು ಉಳಿದವು. ಜನರೆದುರು ನನ್ನ ಮುಖವೂ ಉಳಿಯಿತು. ಎರಡೂ ಆಕೆಯ ದೊಡ್ಡತನ. ಅದನ್ನು ನೆನೆಯದೆ ಈಗ ಸಂಘದ ಬಾಗಿಲು ತೆಗೆಯುವುದಿಲ್ಲ.

ಸಂಘದ ಸಭೆಯಲ್ಲಿ ಓದಲೆಂದು ಇದನ್ನು ಬರೆದು, ಮೊದಲು ಆ ಹಿರಿಯರಿಗೇ ಓದಿ ಹೇಳಿದೆ. ಅವರು ನಕ್ಕುಬಿಟ್ಟರು.

"ಅವತ್ತೇ ಗೊತ್ತಾಯ್ತು ಬುಡಪ್ಪ. ನಿನ್ ಕೈ ನಡುಗ್ತಿತ್ತಲ್ಲ."